ಬಹುಮತವನ್ನು ಎಣಿಸುವುದು ಎಲ್ಲಿ?



ಅಧಿಕಾರಕ್ಕೆ ಅಂಕುಶ ಎಂಬ ವಿಷಯಕ್ಕೆ ಕನ್ನಡಿಗರು ಮಾಂಟೆಸ್ಕ್ಯೂವರೆಗೆ ಹೋಗಬೇಕಿಲ್ಲ, ಎಸ್.ಆರ್. ಬೊಮ್ಮಾಯಿಯವರ ಹೆಸರು ಸಾಕು. 1989ರ ಏಪ್ರಿಲ್‌ನಲ್ಲಿ ಹತ್ತೊಂಬತ್ತು ಶಾಸಕರು ಬೆಂಬಲ ಹಿಂತೆಗೆದುಕೊಂಡಿದ್ದಾರೆಂಬ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಸೇರಿದವು. ಆ ಪೈಕಿ ಏಳು ಮಂದಿ, ತಪ್ಪು ತಿಳಿವಳಿಕೆ ನೀಡಿ ತಮ್ಮ ಸಹಿ ಪಡೆಯಲಾಗಿದೆಯೆಂದು ಬೆನ್ನಿಗೇ ತಿರುಗಿ ಬರೆದರು. ಸದನ ಸೇರಲಿ, ಬಲಾಬಲ ಅಲ್ಲಿಯೇ ತೀರ್ಮಾನವಾಗಲಿ ಎಂಬುದು ಮುಖ್ಯಮಂತ್ರಿ ಬೊಮ್ಮಾಯಿಯವರ ಕೋರಿಕೆಯಾಗಿತ್ತು. ಅದಕ್ಕೆ ಅವಕಾಶವೇ ಸಿಗಲಿಲ್ಲ. ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಬಂತು. ಸರ್ಕಾರದೊಡನೆ ವಿಧಾನಸಭೆಯೂ ಹೋಯಿತು.

ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿಯೇ ಹೊರತು ರಾಜ್ಯಪಾಲರ ಮನಸ್ಸಿನಲ್ಲಲ್ಲ ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತದ್ದು 1994ರ ಮಾರ್ಚ್ 11ರಂದು. ಅಷ್ಟರಲ್ಲಿ ಚುನಾವಣೆಯೇ ನಡೆದು ಬೇರೆ ಪಕ್ಷ ಅಧಿಕಾರಕ್ಕೆ ಬಂದಿತ್ತು. ತತ್ತ್ವ ಗೆದ್ದಿತು, ಬೊಮ್ಮಾಯಿಯವರ ಸರ್ಕಾರ ಮರಳಲಿಲ್ಲ.

ವಾನ್‌ನಲ್ಲಿ ನಿಂತು ಇದನ್ನು ನೆನೆಯಲು ಕಾರಣವಿದೆ. 2023ರ ಜುಲೈ 1ರಿಂದ ಒಂಟಾರಿಯೊ ಸರ್ಕಾರವು ನಮ್ಮ ನಗರದ ಮೇಯರ್ ಹುದ್ದೆಗೂ 'ಬಲಿಷ್ಠ ಮೇಯರ್' ಅಧಿಕಾರಗಳನ್ನು ನೀಡಿದೆ. ಪ್ರಾಂತ್ಯದ ಆದ್ಯತೆಗಳಿಗೆ ಅಡ್ಡಿಯೆಂದು ಕಂಡ ಬೈಲಾವನ್ನು ಮೇಯರ್ ವೀಟೊ ಮಾಡಬಹುದು. ಅದನ್ನು ತಳ್ಳಿಹಾಕಲು ಕೌನ್ಸಿಲಿನ ಮೂರನೇ ಎರಡರಷ್ಟು ಮತ ಬೇಕು. ಇದಾದರೂ ಹೇಗೋ ಸಹ್ಯ. ಆದರೆ ಆ ಆದ್ಯತೆಗಳ ಹೆಸರಿನಲ್ಲಿ ಮೇಯರ್ ತಾವೇ ಮಂಡಿಸಿದ ಬೈಲಾಗೆ ಮೂರನೇ ಒಂದಕ್ಕಿಂತ ಹೆಚ್ಚು ಮತ ದೊರೆತರೆ ಸಾಕು. ಹತ್ತು ಮಂದಿಯ ಸಭೆಯಲ್ಲಿ ಆರು ಮಂದಿ ಬೇಡವೆಂದರೂ, ಮೇಯರ್ ಸೇರಿ ನಾಲ್ವರು ಬೇಕೆಂದರೆ ಅದು ಶಾಸನ! ಬೊಮ್ಮಾಯಿಯವರಿಗೆ ಎಣಿಕೆಯೇ ಸಿಗಲಿಲ್ಲ. ಇಲ್ಲಿ ಎಣಿಕೆಯುಂಟು, ಎಣಿಸಿ ಸೋತವರೇ ಗೆಲ್ಲುತ್ತಾರೆ.

ಮನೆಗಳ ಕೊರತೆ ನಿಜ. ನಮ್ಮ ಮಕ್ಕಳಿಗೆ ಈ ಊರಿನಲ್ಲಿ ಬಾಡಿಗೆ ಎಟುಕುತ್ತಿಲ್ಲ ಎಂಬುದನ್ನು ಬಲ್ಲೆ. ಆದರೂ ಅವಸರವು ಅಲ್ಪಮತವನ್ನು ಬಹುಮತವಾಗಿಸಲಾರದು.

ನ್ಯಾಯಾಲಯದ ಆಸರೆಯೂ ಇಲ್ಲಿ ತೆಳು. 2018ರಲ್ಲಿ ಚುನಾವಣಾ ಪ್ರಚಾರದ ನಡುವೆಯೇ ಟೊರಾಂಟೊದ ವಾರ್ಡುಗಳನ್ನು 47ರಿಂದ 25ಕ್ಕೆ ಇಳಿಸಿದ ಕಾನೂನನ್ನು ಕೆನಡಾದ ಸುಪ್ರೀಂ ಕೋರ್ಟು 2021ರಲ್ಲಿ 5–4ರಿಂದ ಎತ್ತಿಹಿಡಿಯಿತು. ನಗರಸಭೆಗಳು ಪ್ರಾಂತ್ಯದ ಕೂಸುಗಳು. ಸಂವಿಧಾನ ಅವುಗಳಿಗೆ ಸ್ವಂತ ಸ್ಥಾನ ಕೊಟ್ಟಿಲ್ಲ.

ಹಾಗಾಗಿ ಉಳಿದಿರುವ ಅಂಕುಶ ಕೌನ್ಸಿಲ್ ಸದಸ್ಯರು ಮತ್ತು ಮತದಾರರು. ನಗರದ ಚುನಾವಣೆ ಬರುವುದು ಅಕ್ಟೋಬರ್ ಕೊನೆಗೆ. 2022ರಲ್ಲಂತೂ ಅದು ದೀಪಾವಳಿಯಂದೇ ಬಂದು, ನಮ್ಮವರನೇಕರಿಗೆ ಮತಗಟ್ಟೆ ಮರೆತೇಹೋಯಿತೇನೋ. ಮುಂದಿನ ಬಾರಿ ಮೇಯರ್ ಅಭ್ಯರ್ಥಿ ಹಬ್ಬದ ಶುಭಾಶಯ ಹೇಳಲು ಬಾಗಿಲಿಗೆ ಬಂದಾಗ ಸಿಹಿ ಕೊಡಿ, ಜೊತೆಗೆ ಕೇಳಿ: ಕೌನ್ಸಿಲಿನ ಬಹುಮತ ನಿಮಗೆ ವಿರುದ್ಧವಿದ್ದಾಗ ಆ ಮೂರನೇ ಒಂದರ ಅಧಿಕಾರವನ್ನು ಬಳಸುತ್ತೀರಾ, ಇಲ್ಲವಾ?