ಅಭಯದಾನದ ಲೆಕ್ಕ



ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಮೊದಲ ಮೂರನ್ನು ಸಮಾಜವು ಚೆನ್ನಾಗಿ ಬಲ್ಲದು. ಎಚ್‌ಐವಿಯಿಂದ ತಂದೆತಾಯಿಯರನ್ನು ಕಳೆದುಕೊಂಡು ಅಜ್ಜಿಯ ಅಥವಾ ಸೋದರಮಾವನ ಆಶ್ರಯದಲ್ಲಿ ಬೆಳೆಯುವ ಮಗುವಿಗೆ ನಾಲ್ಕನೆಯದೂ ಅಷ್ಟೇ ಅಗತ್ಯ. ಮಾದಾಪುರದಲ್ಲಿ ನೆಲೆಸಿದ ಕನ್ನಡ ಜೈನರಿಗೆ ಇದು ದೂರದ ಮಾತಲ್ಲ. ಜೈನರು ಬಹುಸಂಖ್ಯೆಯಲ್ಲಿರುವ ಬೆಳಗಾವಿ ಸೀಮೆಯನ್ನೂ ಈ ಸೋಂಕು ತೀವ್ರವಾಗಿ ಬಾಧಿಸಿದೆ.

ಎಆರ್‌ಟಿ ಔಷಧವು 2004ರಿಂದ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತಿದೆ. ಆದರೆ ಸೋಂಕಿರುವ ಮಗು ಗುಳಿಗೆಯನ್ನು ನಿತ್ಯವೂ ತಪ್ಪದೆ ನುಂಗಬೇಕು. ಮನೆಗೆ ಭೇಟಿ ನೀಡುವ ಕಾರ್ಯಕರ್ತೆ ಗುಳಿಗೆ ಎಣಿಸುತ್ತಾರೆ, ಶಾಲೆಯ ಹಾಜರಿ ವಿಚಾರಿಸುತ್ತಾರೆ, ಅಜ್ಜಿಯ ದಣಿವಿಗೂ ಕಿವಿಗೊಡುತ್ತಾರೆ. ಮಿಷನ್ ವಾತ್ಸಲ್ಯ ಯೋಜನೆಯಡಿ ಅರ್ಹ ಮಗುವಿಗೆ ಸಲ್ಲುವ ಮಾಸಿಕ 4,000 ರೂಪಾಯಿಗೆ ಅರ್ಜಿ ಬರೆಯಲು ನೆರವಾಗುತ್ತಾರೆ.

ದಾನಿಗಳು ಅಕ್ಕಿಚೀಲಕ್ಕೆ ಹಣ ಕೊಟ್ಟು, ಆಕೆಯ ಸಂಬಳ ಮತ್ತು ಬಸ್ಸಿನ ಖರ್ಚನ್ನು ‘ಆಡಳಿತ ವೆಚ್ಚ’ವೆಂದು ಕಡಿತಗೊಳಿಸುವುದುಂಟು. ಭೇಟಿಯೇ ಸೇವೆಯಾಗಿರುವಲ್ಲಿ ಅದರ ವೆಚ್ಚ ಸೇವೆಯ ಲೆಕ್ಕಕ್ಕೇ ಸೇರಬೇಕು.

ಮಗುವಿನ ಭಾವಚಿತ್ರವನ್ನೂ ಕೇಳಬಾರದು. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಕಾಯಿದೆಯು ಒಪ್ಪಿಗೆಯಿಲ್ಲದೆ ಒಬ್ಬರ ಸೋಂಕನ್ನು ಬಹಿರಂಗಪಡಿಸುವುದನ್ನು ನಿರ್ಬಂಧಿಸುತ್ತದೆ. ದಾನಿಗೆ ಒಪ್ಪಿಸುವ ಲೆಕ್ಕದಲ್ಲಿ ಹೆಸರಿನ ಬದಲು ಕ್ರಮಸಂಖ್ಯೆ ಸಾಕು. ಗುಟ್ಟು ಕಾಯುವುದೇ ಇಲ್ಲಿ ಅಭಯದಾನ.

ಬಸದಿಯ ಜೀರ್ಣೋದ್ಧಾರಕ್ಕೆ ಹೆಸರು ಕೆತ್ತಿಸುವ ಸಮಾಜವು, ಹೆಸರು ಬರೆಯದ ಈ ದಾನಕ್ಕೂ ದಶಲಕ್ಷಣ ಪರ್ವದ ಉತ್ತಮ ತ್ಯಾಗದ ದಿನ ಸಂಕಲ್ಪ ಮಾಡಲಿ. ಪ್ರತಿ ಟ್ರಸ್ಟಿನ ವಾರ್ಷಿಕ ಆಯವ್ಯಯದಲ್ಲಿ ಮನೆಭೇಟಿಗೆಂದೇ ಮೊತ್ತವೊಂದನ್ನು ತೆಗೆದಿಡಲಿ.