ಬೆಂಗಳೂರು ಸುತ್ತೋಕೆ ಪಾಸ್ ತಗೋಬೇಕಾ, ಟಿಕೆಟ್ ಸಾಕಾ?

ಇವತ್ತು ನಾನೇ 380 ರೂಪಾಯಿ ಕಳ್ಕೊಂಡ ಕಥೆ.

ದಾವಣಗೆರೆಯಿಂದ ದೊಡ್ಡಮ್ಮ, ಅಣ್ಣ, ಹೊಸದಾಗಿ ಮದುವೆಯಾಗಿ ಬಂದ ಅತ್ತಿಗೆ ಬಂದಿದ್ರು. ಎಸಿ ಬಸ್ಸಲ್ಲಿ ಆರಾಮಾಗಿ ಹೋಗೋಣ ಅಂತ ಹಿಂದಿನ ರಾತ್ರಿಯೇ ಆ್ಯಪ್‌ನಲ್ಲಿ ನಾಲ್ಕು ವಜ್ರ ದಿನದ ಪಾಸ್ ತಗೊಂಡೆ. ಒಂದಕ್ಕೆ 140, ಒಟ್ಟು 560. ಮೆಜೆಸ್ಟಿಕ್‌ನಲ್ಲಿ ಲಾಲ್‌ಬಾಗ್ ಕಡೆಗೆ ಮೊದಲು ಬಂದದ್ದು ಸಾದಾ ಬಸ್. ಹತ್ತಿದ್ವಿ. ಕಂಡಕ್ಟರ್ ನನ್ನ ಮೊಬೈಲ್ ನೋಡಿ, "ಅಮ್ಮನಿಗ್ಯಾಕಪ್ಪಾ ಪಾಸು? ಆಧಾರ್ ತಂದಿಲ್ವಾ?" ಅಂದ್ರು. ದೊಡ್ಡಮ್ಮ ನನ್ನನ್ನ ನೋಡಿದ ನೋಟ ಇದೆಯಲ್ಲ!

2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ನನಗೂ ಗೊತ್ತಿತ್ತು. ಆದ್ರೆ ಲೆಕ್ಕ ಹಾಕುವಾಗ ಮರೆತೇಬಿಟ್ಟೆ. ಬಿ.ಕಾಂ ಬೇರೆ ಓದಿದ್ದೀನಿ! ಅತ್ತಿಗೆಗೆ ಮಾತ್ರ ಇದು ಸಿಗಲ್ಲ. ಅವ್ರ ಆಧಾರ್‌ನಲ್ಲಿ ಇನ್ನೂ ಸೊಲ್ಲಾಪುರದ ವಿಳಾಸ ಇದೆ, ಶೂನ್ಯ ಟಿಕೆಟ್‌ಗೆ ಕರ್ನಾಟಕದ ವಿಳಾಸ ಬೇಕು. ವಜ್ರದಲ್ಲಿ ಯಾರಿಗೂ ಉಚಿತ ಇಲ್ಲ.

ಆ ದಿನ ಹೋಗಿದ್ದು ಲಾಲ್‌ಬಾಗ್, ಬಸವನಗುಡಿ ದೊಡ್ಡ ಬಸವಣ್ಣ, ಮಾರ್ಕೆಟ್ ಹತ್ರ ಟಿಪ್ಪು ಅರಮನೆ, ವಾಪಸ್ ಮೆಜೆಸ್ಟಿಕ್. ನಾಲ್ಕು ಸಲ ಹತ್ತಿ ಇಳಿದ್ವಿ, ಎಲ್ಲಾ ಸಾದಾ ಬಸ್ಸೇ. ಟಿಕೆಟ್ ತಗೊಂಡಿದ್ರೆ ಒಬ್ಬರಿಗೆ 60 ದಾಟ್ತಿರ್ಲಿಲ್ಲ. ಮೂರು ಜನಕ್ಕೆ 180. ಅಂದ್ರೆ 80 ರೂಪಾಯಿಯ ಸಾದಾ ಪಾಸ್ ಕೂಡ ದಂಡವೇ. ಉಳಿದ ದುಡ್ಡಲ್ಲಿ ಗಾಂಧಿ ಬಜಾರ್‌ನಲ್ಲಿ ನಾಲ್ಕು ಜನ ಮಸಾಲೆ ದೋಸೆ ತಿಂದು ಕಾಫಿ ಕುಡೀಬಹುದಿತ್ತು.

ಇದು 2025ರ ಜನವರಿಯಲ್ಲಿ ಏರಿದ ದರದ ಲೆಕ್ಕ. ಕನಿಷ್ಠ ಟಿಕೆಟ್ 6 ರೂಪಾಯಿ. ಹತ್ತಿರ ಹತ್ತಿರದ ಜಾಗಗಳಿಗೆ ಟಿಕೆಟ್ಟೇ ವಾಸಿ. ಬೆಳಗ್ಗೆ ಬನ್ನೇರುಘಟ್ಟ, ಸಂಜೆ ಇಸ್ಕಾನ್, ರಾತ್ರಿ ವೈಟ್‌ಫೀಲ್ಡ್‌ನಲ್ಲಿರೋ ಫ್ರೆಂಡ್ ಮನೆ ಅಂದ್ರೆ ಪಾಸ್ ಕಣ್ಮುಚ್ಚಿ ತಗೊಳ್ಳಿ. ಬಿಸಿಲಲ್ಲಿ ವಯಸ್ಸಾದವ್ರು ಜೊತೆಗಿದ್ರೆ ವಜ್ರದ್ದೇ ತಗೊಳ್ಳಿ, ಅದು ಸಾದಾ ಬಸ್ಸಲ್ಲೂ ನಡೆಯುತ್ತೆ. ಸಾದಾ ಪಾಸ್ ವಜ್ರದಲ್ಲಿ ನಡೆಯಲ್ಲ. ಏರ್‌ಪೋರ್ಟ್‌ಗೆ ಹೋಗೋ ವಾಯು ವಜ್ರದಲ್ಲಿ ಎರಡೂ ನಡೆಯಲ್ಲ.

ಮೆಟ್ರೋ ಲೆಕ್ಕ ಬೇರೆ, ಬಸ್ ಪಾಸ್ ಅಲ್ಲಿ ಚಲಾವಣೆ ಇಲ್ಲ. ಒಂದು ಪ್ರಯಾಣಕ್ಕೆ 10ರಿಂದ 90ರವರೆಗೆ. ಕಬ್ಬನ್ ಪಾರ್ಕ್, ವಿಧಾನಸೌಧ, ಲಾಲ್‌ಬಾಗ್ ಮೂರಕ್ಕೂ ಸ್ಟೇಷನ್ ಇದೆ. ಇಷ್ಟಕ್ಕೆ ಮೆಟ್ರೋ ಪಾಸ್ ಬೇಡ, ಸ್ಮಾರ್ಟ್ ಕಾರ್ಡ್ ಸಾಕು, 5% ರಿಯಾಯಿತಿಯೂ ಸಿಗುತ್ತೆ.

ಹಾಂ, ಬನ್ನೇರುಘಟ್ಟ ಮಂಗಳವಾರ ರಜೆ. ಇದನ್ನ ನಾವು ತಿಳ್ಕೊಂಡಿದ್ದು ಗೇಟ್ ಮುಂದೆ ನಿಂತು. ಆ ಕಥೆ ಮುಂದಿನ ವಾರ.