ಮೂಗಿಗೆ ಸಿಗದ ಅನಿಲ
(ಜವಳಗಿರಿಯ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಭಾಷೆಯನ್ನು ಬೋಧಿಸುವವರಾದ ನಾವು ಇಂದು ವಿಜ್ಞಾನದ ವಿಷಯವನ್ನು ಎತ್ತಿಕೊಂಡುದಕ್ಕೆ ಕಾರಣವುಂಟು. ಹೊಸೂರಿನಲ್ಲಿ ಕಾರ್ಖಾನೆಗಳನ್ನು ಹೊಂದಿರುವ ಅಶೋಕ್ ಲೇಲ್ಯಾಂಡ್ ಸಂಸ್ಥೆಯು ರಿಲಯನ್ಸ್ ಸಂಸ್ಥೆಯೊಡನೆ ಕೂಡಿ, ಜಲಜನಕವನ್ನು ಉರಿಸಿ ಓಡುವ ಲಾರಿಯೊಂದನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಪ್ರದರ್ಶಿಸಿತು. ಅದೇ ವರ್ಷದ ಜನವರಿಯಲ್ಲಿ ಕೇಂದ್ರ ಸರ್ಕಾರವು 19,744 ಕೋಟಿ ರೂಪಾಯಿಗಳ ಹಸಿರು ಜಲಜನಕ ಯೋಜನೆಗೆ ಒಪ್ಪಿಗೆಯಿತ್ತಿತು. ದೂರದ ವಸ್ತುವೆಂದು ತೋರುವ ಈ ಅನಿಲವು ನಾಳೆ ನಮ್ಮ ಮಕ್ಕಳು ದುಡಿಯುವ ಸ್ಥಳಕ್ಕೇ ಬಂದೀತು. ಬರುವ ಮುನ್ನ ಅದರ ಸ್ವಭಾವವನ್ನು ತಿಳಿದಿರುವುದು ಲೇಸು.

ಜಲಜನಕವು ಉರಿದರೆ ಹೊಗೆಯಿಲ್ಲ, ಉಳಿಯುವುದು ನೀರು. ಇದು ಅದರ ಗುಣ. ಆದರೆ ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಗಲಿನಲ್ಲಿ ಅದರ ಜ್ವಾಲೆಯೂ ಕಣ್ಣಿಗೆ ಕಾಣುವುದು ಅಪರೂಪ. ಗಾಳಿಯಲ್ಲಿ ಅದು ನೂರಕ್ಕೆ 4ರಿಂದ 75 ಭಾಗದವರೆಗೆ ಬೆರೆತಿದ್ದರೆ ಅತಿ ಸಣ್ಣ ಕಿಡಿಯೇ ಸಾಕು. 1937ರ ಮೇ 6ರಂದು ಜಲಜನಕ ತುಂಬಿದ ಹಿಂಡೆನ್‌ಬರ್ಗ್ ವಾಯುನೌಕೆಯು ಅಮೆರಿಕದಲ್ಲಿ ಉರಿದು 36 ಮಂದಿ ಪ್ರಾಣ ತೆತ್ತುದನ್ನು ಜಗತ್ತು ಮರೆತಿಲ್ಲ.

ಅಡುಗೆ ಅನಿಲಕ್ಕೆ ಗಂಧಕದ ದುರ್ವಾಸನೆಯನ್ನು ಬೆರೆಸಿರುವುದರಿಂದ ಸೋರಿಕೆಯನ್ನು ಗೃಹಿಣಿಯರು ಮೂಗಿನಿಂದಲೇ ಅರಿಯುತ್ತಾರೆ. ಜಲಜನಕಕ್ಕೂ ಹಾಗೆಯೇ ಮಾಡಬಾರದೇ? ಜಲಜನಕದಿಂದ ವಿದ್ಯುತ್ತನ್ನು ಪಡೆಯುವ ಫ್ಯುಯಲ್ ಸೆಲ್ ಎಂಬ ಉಪಕರಣವನ್ನು ಗಂಧಕವು ಕೆಡಿಸಿಬಿಡುತ್ತದೆ. ಆದುದರಿಂದ ಮೂಗಿನ ಕೆಲಸವನ್ನು ಸೆನ್ಸರಿಗೆ ಒಪ್ಪಿಸಬೇಕಾಗಿದೆ.

ಅದು ಕೆಲಸ ಮಾಡುವ ಬಗೆಯು ಜಲಜನಕವೆಂಬ ಹೆಸರಿನಲ್ಲಿಯೇ ಅಡಗಿದೆ. ಜಪಾನಿನ ತಗುಚಿ ಎಂಬವರು 1962ರಲ್ಲಿ ತವರದ ಆಕ್ಸೈಡಿನಿಂದ ಅನಿಲಸೂಚಕವನ್ನು ರೂಪಿಸಿದರು. ಗಾಳಿಯ ಆಮ್ಲಜನಕವು ಅದರ ಮೈಗೆ ಅಂಟಿ, ಎಲೆಕ್ಟ್ರಾನುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಜಲಜನಕವು ಬಂದೊಡನೆ ಎರಡೂ ಕೂಡಿ ನೀರಾಗುತ್ತವೆ. ಎಲೆಕ್ಟ್ರಾನುಗಳು ಬಿಡುಗಡೆ ಹೊಂದಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ. ಆ ಬದಲಾವಣೆಯೇ ಎಚ್ಚರಿಕೆ.

ಆದರೆ ಈ ಕಾರ್ಯವು ಚುರುಕಾಗಿ ನಡೆಯಲು ಸಾಮಾನ್ಯವಾಗಿ 200ರಿಂದ 400 ಡಿಗ್ರಿ ಶಾಖ ಬೇಕು. ಶಾಖಕ್ಕೆ ಸದಾ ವಿದ್ಯುತ್ತು ವ್ಯಯವಾಗುತ್ತದೆ. ಮೇಲಾಗಿ, ಹೊತ್ತಿಕೊಳ್ಳುವ ಅನಿಲವಿರುವೆಡೆ ಕಾದ ವಸ್ತುವನ್ನಿಡುವುದು ಬಣವೆಯ ಕಾವಲಿಗೆ ಕೊಳ್ಳಿಯನ್ನಿಟ್ಟಂತೆ. ಅದಕ್ಕೆ ವಿಶೇಷ ರಕ್ಷಾಕವಚ ಬೇಕು. ಆದ್ದರಿಂದಲೇ ಕೋಣೆಯ ಸಹಜ ಉಷ್ಣತೆಯಲ್ಲಿ ಕೆಲಸಮಾಡುವ ಸೂಚಕಕ್ಕಾಗಿ ವಿಜ್ಞಾನಿಗಳು ಶ್ರಮಿಸುತ್ತಿದ್ದಾರೆ.

ಇದಕ್ಕೆ ನೆರವಾದ ಲೋಹ ಪೆಲ್ಲೇಡಿಯಮ್. ಅದು ಜಲಜನಕವನ್ನು ಹೀರುವುದನ್ನು ಥಾಮಸ್ ಗ್ರಹಾಮ್ 1866ರಲ್ಲಿ ಕಂಡರು. ಹೀರಿದಾಗ ಲೋಹ ಉಬ್ಬುತ್ತದೆ. 2001ರಲ್ಲಿ ಅಮೆರಿಕದ ಪೆನ್ನರ್ ಮತ್ತು ಸಂಗಡಿಗರು ಸೂಕ್ಷ್ಮ ಬಿರುಕುಗಳುಳ್ಳ ಪೆಲ್ಲೇಡಿಯಮ್ ಎಳೆಗಳನ್ನು ಬಳಸಿದರು. ಎಳೆ ಉಬ್ಬಿ ಬಿರುಕು ಮುಚ್ಚಿದೊಡನೆ ವಿದ್ಯುತ್ತು ಹರಿಯಿತು, ಶಾಖದ ಹಂಗಿಲ್ಲದೆ! 2019ರಲ್ಲಿ ಸ್ವೀಡನ್ನಿನ ಚಾಲ್ಮರ್ಸ್ ವಿಶ್ವವಿದ್ಯಾಲಯದವರು ಗಾಳಿಯಲ್ಲಿ ಸಾವಿರಕ್ಕೆ ಒಂದು ಭಾಗದಷ್ಟಿರುವ ಜಲಜನಕವನ್ನು ಒಂದು ಸೆಕೆಂಡಿನೊಳಗೆ ಗುರುತಿಸುವ ಸೂಚಕವನ್ನು ತೋರಿಸಿದರು. ಆದರೂ ತೇವ, ಇತರ ಅನಿಲಗಳ ಹಾವಳಿ, ಲೋಹದ ದುಬಾರಿ ಬೆಲೆ ಇವು ಇಂದಿಗೂ ತೊಡಕುಗಳೇ.

ಮನೆಗೊಂದು ಮಾತು. ನೀರು ತುಂಬಿಸುವ ಇನ್ವರ್ಟರ್ ಬ್ಯಾಟರಿಯು ಚಾರ್ಜಾಗುವಾಗ ಜಲಜನಕವನ್ನೇ ಹೊರಬಿಡುತ್ತದೆ. ಅಡುಗೆ ಅನಿಲವು ಭಾರವಾದುದರಿಂದ ನೆಲದಲ್ಲಿ ಹರಡುತ್ತದೆ; ಜಲಜನಕವು ಗಾಳಿಗಿಂತ 14 ಪಾಲು ಹಗುರವಾದುದರಿಂದ ಸೂರಿನಡಿ ಸೇರುತ್ತದೆ. ಬ್ಯಾಟರಿಯಿರುವ ಕೋಣೆಯಲ್ಲಿ ಮೇಲ್ಗಡೆ ಗವಾಕ್ಷಿ ತೆರೆದಿರಲಿ. ದೀಪ, ಬೀಡಿ, ಬೆಂಕಿಕಡ್ಡಿ ದೂರವಿರಲಿ. ಅಲ್ಲಿ ಮುನ್ನೆಚ್ಚರಿಕೆ ನೀಡಲು ನಮ್ಮ ಮೂಗಿಗೆ ಸಾಧ್ಯವಿಲ್ಲ.

ವಿದ್ಯಾರ್ಥಿಗಳೇ, ಪಾಠದಲ್ಲಿ ಜಲಜನಕವೆಂಬ ಪದ ಬಂದಾಗ ಬರಿದೆ ಉರುಹೊಡೆಯಬೇಡಿರಿ, ಬಿಡಿಸಿ ನೋಡಿರಿ. ಅರ್ಥವರಿತು ಕಲಿತ ವಿದ್ಯೆಯು ಕಾರ್ಖಾನೆಯಲ್ಲಿಯೂ ಪ್ರಯೋಗಶಾಲೆಯಲ್ಲಿಯೂ ನಿಮ್ಮ ಕೈಬಿಡದು.